ಅಕಾಡೆಮಿಯ ಖಜಾನೆ, ಸಾಣೇಹಳ್ಳಿಯ ಕಣಜ

ಚಿತ್ರದುರ್ಗದ ತ.ರಾ.ಸು. ರಂಗಮಂದಿರದಲ್ಲಿ ಬೆಳಗಿನ ಹೊತ್ತು ನಾಟಕ ಇರುವುದಿಲ್ಲ. ಸಂಜೆಯ ಸಮಾರಂಭಕ್ಕೆ ಕುರ್ಚಿ ಒರೆಸುವವರು, ಬ್ಯಾನರ್ ಕಟ್ಟುವ ಹುಡುಗರು, ಮೈಕ್ ಹೊಂದಿಸುವವರು ಓಡಾಡುತ್ತಿರುತ್ತಾರೆ. ದುರ್ಗದ ಪಾಳೆಯಗಾರರ ಏಳುಬೀಳನ್ನು ಸಾಲು ಕಾದಂಬರಿಗಳಲ್ಲಿ ಹಿಡಿದಿಟ್ಟ ತ.ರಾ. ಸುಬ್ಬರಾಯರ ಹೆಸರು ಹೊತ್ತ ಕಟ್ಟಡ ಇದು. ಅವರ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮರುವರ್ಷ. ಆ ಪ್ರಶಸ್ತಿ ಕೊಟ್ಟ ಅಕಾಡೆಮಿ ದೆಹಲಿಯ ರವೀಂದ್ರ ಭವನದಲ್ಲಿದೆ. ಸಂಗೀತ ನಾಟಕ ಅಕಾಡೆಮಿ, ಲಲಿತಕಲಾ ಅಕಾಡೆಮಿಗಳ ಮನೆಯೂ ಅದೇ. ದೇಶದ ಕಲೆಯನ್ನು ಪೊರೆಯಲೆಂದು ಹುಟ್ಟಿದ ಈ ಮಂಡಳಿಗಳನ್ನು ಯಾರು ನಡೆಸುತ್ತಾರೆ, ಹಣ ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟು ನಮ್ಮ ಬಯಲುಸೀಮೆಯ ಹಳ್ಳಿಯ ತನಕ ಇಳಿಯುತ್ತದೆ? ಇದನ್ನು ಕಣ್ಣಾರೆ ನೋಡಬೇಕೆಂದು ದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ ಹಾದು ಹಿರಿಯೂರಿನ ತನಕ ಹೊರಟೆ.

ದಾರಿ ಹಿಡಿಯುವ ಮೊದಲು ದೆಹಲಿಯ ಕಟ್ಟುಪಾಡು ಸ್ವಲ್ಪ ತಿಳಿದಿರಬೇಕು. ಸಂಗೀತ ನಾಟಕ ಅಕಾಡೆಮಿಯನ್ನು ಕೇಂದ್ರ ಶಿಕ್ಷಣ ಮಂತ್ರಾಲಯ 1952ರ ಮೇ 31ರ ಒಂದು ನಿರ್ಣಯದ ಮೂಲಕ ಹುಟ್ಟುಹಾಕಿತು. ಮರುವರ್ಷ ಜನವರಿ 28ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಉದ್ಘಾಟಿಸಿದರು. ಪಿ.ವಿ. ರಾಜಮನ್ನಾರ್ ಮೊದಲ ಅಧ್ಯಕ್ಷರು. 1961ರಲ್ಲಿ ಅದು 1860ರ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿಯಾಯಿತು. ನಮ್ಮೂರಿನ ಯುವಕ ಸಂಘ, ಭಜನಾ ಸಂಘಗಳು ನೋಂದಣಿಯಾಗುವ ರೀತಿಯಲ್ಲೇ ಅದೂ ಆಗಿದೆ. ಸಂಸತ್ತು ಅದಕ್ಕೆಂದೇ ಮಾಡಿದ ಕಾನೂನು ಅದರ ಬೆನ್ನಿಗಿಲ್ಲ. ಮೇಲೆ ಮಹಾಮಂಡಳಿ. ಅದರಲ್ಲಿ ರಾಜ್ಯಗಳ ಪ್ರತಿನಿಧಿಗಳು, ಕೇಂದ್ರ ಸರಕಾರ ಹೆಸರಿಸಿದವರು, ಉಳಿದೆರಡು ಅಕಾಡೆಮಿಗಳ ಕಡೆಯವರು, ಆಯ್ದ ಕಲಾವಿದರು ಇರುತ್ತಾರೆ. ದಿನದ ಆಡಳಿತಕ್ಕೆ ಕಾರ್ಯಕಾರಿ ಮಂಡಳಿ, ದುಡ್ಡಿನ ವಿಚಾರಕ್ಕೆ ಹಣಕಾಸು ಸಮಿತಿ. ಅಧ್ಯಕ್ಷರನ್ನು ನೇಮಿಸುವವರು ರಾಷ್ಟ್ರಪತಿ, ಅವಧಿ ಐದು ವರ್ಷ. ನಮ್ಮ ಗಿರೀಶ ಕಾರ್ನಾಡರು 1988ರಿಂದ 1993ರ ತನಕ ಆ ಕುರ್ಚಿಯಲ್ಲಿದ್ದರು.

ಸಾಹಿತ್ಯ ಅಕಾಡೆಮಿಯ ನಡೆ ಬೇರೆ. ಅಲ್ಲಿ ಅಧ್ಯಕ್ಷರನ್ನು ಮಹಾಮಂಡಳಿಯ ಸದಸ್ಯರೇ ಚುನಾಯಿಸುತ್ತಾರೆ. ವಿ.ಕೃ. ಗೋಕಾಕ್, ಯು.ಆರ್. ಅನಂತಮೂರ್ತಿ, ಚಂದ್ರಶೇಖರ ಕಂಬಾರ ಹೀಗೆ ಆರಿಸಿ ಬಂದವರು. ಹಣ ಮಾತ್ರ ಎರಡಕ್ಕೂ ಒಂದೇ ಬೊಕ್ಕಸದಿಂದ, ಕೇಂದ್ರ ಸಂಸ್ಕೃತಿ ಮಂತ್ರಾಲಯದ ವಾರ್ಷಿಕ ಅನುದಾನವಾಗಿ ಬರುತ್ತದೆ. ಚುನಾವಣೆ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. 2015ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಕೊಲೆಯಾದಾಗ ಅಕಾಡೆಮಿ ಬಾಯಿ ಬಿಡಲು ತಡಮಾಡಿತೆಂದು ದೇಶದ ಹಲವು ಲೇಖಕರು ಪ್ರಶಸ್ತಿ ಹಿಂದಿರುಗಿಸಿದರು. ನಮ್ಮವರಲ್ಲಿ ರಹಮತ್ ತರೀಕೆರೆ ಪ್ರಶಸ್ತಿ ವಾಪಸು ಕೊಟ್ಟರೆ, ಅರವಿಂದ ಮಾಲಗತ್ತಿ ಮಹಾಮಂಡಳಿಯಿಂದಲೇ ಹೊರಬಂದರು. ಅಕ್ಟೋಬರ್ 23ರಂದು ಕಾರ್ಯಕಾರಿ ಮಂಡಳಿ ತುರ್ತಾಗಿ ಸೇರಿ ಖಂಡನಾ ನಿರ್ಣಯ ಮಾಡಬೇಕಾಯಿತು. ಲೇಖಕರೇ ಒಳಗಿದ್ದ ಮಂಡಳಿಯಾದ್ದರಿಂದ ಅಷ್ಟಾದರೂ ಆಯಿತು ಎಂದು ನಾನು ನಂಬಿದ್ದೇನೆ. ರಾಜೀನಾಮೆ ಕೊಡಬೇಕಾದರೂ ಒಳಗೆ ಒಂದು ಜಾಗ ಇರಬೇಕು.

ಹಣ ಸರಕಾರದ್ದು, ತೀರ್ಮಾನ ಮಂಡಳಿಯದ್ದು ಎಂಬ ಯೋಚನೆಗೆ ಹೊರಗೊಂದು ಮಾದರಿ ಇತ್ತು. ಬ್ರಿಟನ್ನಿನವರು 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಕಟ್ಟಿದಾಗ ಅದಕ್ಕೆ ಮುಂದೆ ನಿಂತು ರೂಪ ಕೊಟ್ಟವರು ಅರ್ಥಶಾಸ್ತ್ರಜ್ಞ ಕೇನ್ಸ್. ಹಣ ಸರಕಾರ ಕೊಡಲಿ, ಯಾರಿಗೆ ಎಷ್ಟು ಎಂಬುದನ್ನು ಮಂತ್ರಿಗಳು ಹೇಳದಿರಲಿ ಎಂಬುದು ಅವರ ನೆಲೆ. 1994ರಿಂದ ಅಲ್ಲಿ ರಾಷ್ಟ್ರೀಯ ಲಾಟರಿಯ ಪಾಲೂ ಕಲೆಗೆ ಬರುತ್ತಿದೆ. ನಮ್ಮ ಅಕಾಡೆಮಿಗಳನ್ನೂ ಸ್ವಾಯತ್ತ ಸಂಸ್ಥೆಗಳು ಎಂದೇ ಕರೆದರು. ಅವುಗಳ ಕೆಲಸವನ್ನು ಪರಿಶೀಲಿಸಲು ಭಾಭಾ, ಖೋಸ್ಲಾ, ಹಕ್ಸರ್ ಸಮಿತಿಗಳು ಒಂದರ ಹಿಂದೆ ಒಂದು ಬಂದವು. ಪಿ.ಎನ್. ಹಕ್ಸರ್ ವರದಿ ಸಲ್ಲಿಕೆಯಾದದ್ದು 1990ರಲ್ಲಿ. ಇಷ್ಟು ತಲೆಯಲ್ಲಿಟ್ಟುಕೊಂಡು ಬಸ್ಸು ಹತ್ತಬಹುದು.

ಹೊಳಲ್ಕೆರೆ ಕಡೆ ಸಾಗುತ್ತಿದ್ದಂತೆ ದುರ್ಗದ ಬಂಡೆಗಳು ಹಿಂದೆ ಸರಿದು, ಗುಡ್ಡದ ಮೇಲಿನ ಗಾಳಿಯಂತ್ರಗಳೂ ಹಿಂದೆ ಬಿದ್ದು, ಅಡಿಕೆ ತೋಟಗಳು ಶುರುವಾಗುತ್ತವೆ. ಊರಲ್ಲಿ ಮಾಡಿಲ್ಲದೆ ಕೂತ ಬಯಲು ಗಣಪನಿಗೆ ಕೈಮುಗಿದು ಮಲ್ಲಾಡಿಹಳ್ಳಿಗೆ ಹೋದೆ. ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ಯೋಗ, ಆಯುರ್ವೇದದ ಗುರುಗಳೆಂದೇ ನಾಡಿಗೆ ಪರಿಚಿತರು. ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. 1996ರಲ್ಲಿ ತೀರಿಕೊಳ್ಳುವ ತನಕ ಆಶ್ರಮ, ಶಾಲೆ, ಆಸ್ಪತ್ರೆ ಎಲ್ಲಕ್ಕೂ ಅವರ ಬಂಡವಾಳ ಹೆಗಲ ಜೋಳಿಗೆ. ಊರೂರು ಸುತ್ತಿ ಬೇಡಿ ತಂದು ಕಟ್ಟಿದರು. ಇವತ್ತು ಆ ಊರನ್ನು ತಿರುಕನೂರು ಎಂದೂ ಕರೆಯುತ್ತಾರೆ, ಅಲ್ಲಿ ನಾಟಕಗಳ ರಂಗದಾಸೋಹವೂ ನಡೆದಿದೆ. ಆಶ್ರಮದ ಅಂಗಳದಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ.

“ಆಗಿನ ಕಾಲಕ್ಕೆ ಸರಕಾರದೋರು ಕೊಡ್ತಿರಲಿಲ್ವಾ ಯಜಮಾನ್ರೇ?”

“ಕೊಡ್ತಿದ್ರೇನೋ ಸಾರ್. ಆದ್ರೆ ಸ್ವಾಮ್ಗಳು ಬೇಡಿದ್ದು ಜನರನ್ನ. ಎಂಟಾಣೆ ಹಾಕ್ದೋನೂ ಮಾರನೇ ವರ್ಷ ಬಂದು, ನನ್ ಎಂಟಾಣೆ ಏನಾತು ಅಂತ ನೋಡ್ಕೊಂಡು ಹೋಗ್ತಿದ್ದ.”

ಯಾವ ಮಹಾಮಂಡಳಿಯ ನಿಯಮಾವಳಿಯಲ್ಲೂ ಇಷ್ಟು ಸರಳವಾದ ಲೆಕ್ಕಪರಿಶೋಧನೆ ಇರಲಾರದು. ಕೊಟ್ಟವನಿಗೆ ಬಂದು ನೋಡುವ ಹಕ್ಕಿದೆ, ಪಡೆದವರಿಗೆ ತೋರಿಸುವ ಹಂಗಿದೆ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಸಣ್ಣ ಊರು. ತೆಂಗಿನ ಸಾಲು, ರಾಗಿ ಹೊಲ, ಅಲ್ಲಲ್ಲಿ ದಾಳಿಂಬೆ ತೋಟ ದಾಟಿ ಒಳಗೆ ಹೋದರೆ ತರಳಬಾಳು ಶಾಖಾಮಠ, ಶಾಲೆಗಳು. ಅವುಗಳ ಮಗ್ಗುಲಲ್ಲೇ ಗ್ರೀಕ್ ಮಾದರಿಯ ಬಯಲು ರಂಗಮಂದಿರ. ಅರ್ಧಚಂದ್ರಾಕಾರದಲ್ಲಿ ಏರಿಹೋದ ಮೆಟ್ಟಿಲು, ಕೆಳಗೆ ಅಗಲವಾದ ರಂಗ. ನಾನು ಹೋದದ್ದು ತಾಲೀಮಿನ ದಿನಗಳಲ್ಲಿ. ಮೇಲಿನ ಮೆಟ್ಟಿಲಲ್ಲಿ ಕೂತರೆ ಕೆಳಗೆ ನಟನೊಬ್ಬ ದನಿ ಏರಿಸದೆ ಆಡಿದ ಮಾತೂ ಕೇಳುತ್ತಿತ್ತು. ನಿರ್ದೇಶಕರು ಒಂದೇ ಪ್ರವೇಶವನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು. ಬದಿಯಲ್ಲಿ ಇಬ್ಬರು ಹುಡುಗಿಯರು ಕಬ್ಬಿಣದ ಪೆಟ್ಟಿಗೆ ತೆರೆದು ಹೋದ ವರ್ಷದ ವಸ್ತ್ರಗಳನ್ನು ಒಂದೊಂದಾಗಿ ಬಿಸಿಲಿಗೆ ಹರವುತ್ತಿದ್ದರು. ಹರಿದದ್ದು ಒಂದು ಗುಡ್ಡೆ, ಬಣ್ಣ ಹಾಕಿ ಮತ್ತೆ ಬಳಸಬಹುದಾದದ್ದು ಇನ್ನೊಂದು ಗುಡ್ಡೆ. ಒಬ್ಬಳ ಕೈಯಲ್ಲಿ ನೋಟುಪುಸ್ತಕ. ಯಾವ ನಾಟಕದ ಯಾವ ಪಾತ್ರದ ಶಲ್ಯ ಎಂದು ಬರೆದುಕೊಳ್ಳುತ್ತಿದ್ದಳು. ಹೊಸ ಬಟ್ಟೆಗೆ ಎಷ್ಟು ಖರ್ಚು ಎಂಬುದು ಅವರ ಆ ಎರಡು ಗುಡ್ಡೆಗಳ ಮೇಲೆ ತೀರ್ಮಾನವಾಗುತ್ತದೆ.

ಸಾಣೇಹಳ್ಳಿಯ ನಾಟಕಕ್ಕೆ ಬೇರು ಸಿರಿಗೆರೆಯಲ್ಲಿದೆ. ಅಲ್ಲಿನ ಹಿರಿಯ ಜಗದ್ಗುರು ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ಸ್ವತಃ ‘ಮರಣವೇ ಮಹಾನವಮಿ’ಯಂಥ ನಾಟಕ ಬರೆದು ಆಡಿಸಿದವರು. ಅವರ ಶಿಷ್ಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಸಾಣೇಹಳ್ಳಿಯಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. 1997ರಲ್ಲಿ ‘ಶಿವಸಂಚಾರ’ ತಿರುಗಾಟದ ತಂಡ ಹೊರಟಿತು. ಅದರ ಹಿಂದೆ ರಂಗಕರ್ಮಿ ಸಿ.ಜಿ. ಕೃಷ್ಣಸ್ವಾಮಿಯವರ ಒತ್ತಾಸೆ ದೊಡ್ಡದು. ಬೆಂಗಳೂರಿನ ‘ಸಮುದಾಯ’ದ ಬೀದಿಗಳಲ್ಲಿ ಬೆಳೆದ ಎಡಪಂಥೀಯ ನಿರ್ದೇಶಕ, ರಾಜ್ಯ ನಾಟಕ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದವರು, ಕಾವಿಧಾರಿಯೊಬ್ಬರ ಜತೆ ಕೂತು ಹಳ್ಳಿಯಲ್ಲಿ ರೆಪರ್ಟರಿ ಕಟ್ಟಿದ್ದು ನಮ್ಮ ರಂಗಭೂಮಿಯ ಚರಿತ್ರೆಯಲ್ಲಿ ಇನ್ನೂ ದೊಡ್ಡದಾಗಿ ಬರೆಯಬೇಕಾದ ಅಧ್ಯಾಯ.

ಇಲ್ಲಿನ ವರ್ಷ ಹೀಗೆ ಉರುಳುತ್ತದೆ: ಕಲಾವಿದರ ಆಯ್ಕೆ, ಹೊರಗಿನಿಂದ ಕರೆಸಿದ ನಿರ್ದೇಶಕರ ಕೈಯಲ್ಲಿ ಮೂರು ನಾಟಕಗಳ ತಾಲೀಮು, ನವೆಂಬರ್ ಮೊದಲ ವಾರದ ರಾಷ್ಟ್ರೀಯ ನಾಟಕೋತ್ಸವದಲ್ಲಿ ಮೊದಲ ಪ್ರದರ್ಶನ, ಆಮೇಲೆ ವಾಹನಕ್ಕೆ ಪರದೆ, ದೀಪ, ಪೆಟ್ಟಿಗೆ ಏರಿಸಿಕೊಂಡು ತಿಂಗಳುಗಟ್ಟಲೆ ನಾಡಿನ ತುಂಬ ತಿರುಗಾಟ. ತಂಡವನ್ನು ಕರೆಸಿಕೊಂಡ ಊರಿನವರು ಪ್ರದರ್ಶನಕ್ಕೆ ಹಣ ಕೊಡುತ್ತಾರೆ, ಊಟ-ವಸತಿ ನೋಡಿಕೊಳ್ಳುತ್ತಾರೆ. ಕಲಾವಿದರಿಗೆ ಸಂಬಳ ಇದೆ. ಉಳಿದ ದಿನಗಳಲ್ಲಿ ಮಠದ ಊಟ, ಮಠದ ನೆಲೆ. ಹೆಗ್ಗೋಡಿನ ನೀನಾಸಮ್ 1985ರಲ್ಲಿ ತಿರುಗಾಟ ಶುರುಮಾಡಿ ತೋರಿಸಿದ ದಾರಿ ಇದಕ್ಕೆ ಹಿಂದೆ ಇತ್ತು, ನಿಜ. ಆದರೆ ನೀನಾಸಮ್ ನಡೆಸಿದ ಕೆ.ವಿ. ಸುಬ್ಬಣ್ಣನವರಿಗೆ ಊರು, ಅಡಿಕೆಯ ಸೀಮೆ, ಒಂದು ಹಂತದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವು ಜತೆಗಿದ್ದವು. ಸಾಣೇಹಳ್ಳಿಯ ಜತೆಗೆ ಇದ್ದದ್ದು ಭಕ್ತರ ಕಣಜ.

ಕಣಜ ಎಂದದ್ದು ಅಲಂಕಾರಕ್ಕಲ್ಲ. ದಾಸೋಹದ ಮನೆಯ ಜಗಲಿಯಲ್ಲಿ ಹತ್ತಿರದ ಹಳ್ಳಿಯ ರೈತರೊಬ್ಬರು ಟ್ರ್ಯಾಕ್ಟರಿನಿಂದ ಚೀಲ ಇಳಿಸುತ್ತಿದ್ದರು. ಉತ್ಸವದ ಹೊತ್ತಿಗೆ ಇನ್ನೂ ಕೊಡುವವರಿದ್ದಾರೆ ಎಂದರು. ನಾಟಕಕ್ಕೂ ನಿಮ್ಮ ರಾಗಿಗೂ ಏನು ಸಂಬಂಧ ಎಂದು ಕೇಳಿದೆ.

“ನಾಟ್ಕ ನೋಡಾಕೆ ಬಂದೋರು ಹಸ್ಕೊಂಡು ಹೋಗ್ಬಾರ್ದಲ್ಲ ಸಾರ್. ಬುದ್ಧಿಯೋರು ಆಟ ಕಟ್ತಾರೆ, ನಾವು ಊಟ ಕಟ್ತೀವಿ.”

“ಯಾವ್ ನಾಟ್ಕ ಆಡ್ಬೇಕು ಅಂತ ನಿಮ್ಮನ್ನ ಕೇಳ್ತಾರಾ?”

“ಕೇಳಲ್ಲ. ಆದ್ರೆ ಚೆನ್ನಾಗಿಲ್ದಿದ್ರೆ ಎದ್ದು ಹೋಗ್ತೀವಿ, ಅವ್ರಿಗೆ ಕಾಣ್ತೈತೆ.”

ಸಂಜೆ ಹೊಸದುರ್ಗ ಪೇಟೆಯಲ್ಲಿ ಹವ್ಯಾಸಿ ತಂಡ ನಡೆಸುವ ಮೇಷ್ಟ್ರೊಬ್ಬರು ತಮ್ಮ ಫೈಲು ಬಿಚ್ಚಿ ಮುಂದಿಟ್ಟರು. ಅಕಾಡೆಮಿ, ಮಂತ್ರಾಲಯ, ಇಲಾಖೆ ಎಂದು ನಾವು ದೊಡ್ಡ ದನಿಯಲ್ಲಿ ಮಾತಾಡುವುದೆಲ್ಲ ಕೊನೆಗೆ ಈ ಫೈಲಿನಲ್ಲಿ ಬಂದು ಕೂರುತ್ತದೆ. ಸಂಘದ ನೋಂದಣಿ ಪತ್ರ, ನವೀಕರಣದ ರಸೀದಿ. ನೀತಿ ಆಯೋಗದ ದರ್ಪಣ್ ಪೋರ್ಟಲಿನಲ್ಲಿ ಪಡೆದ ಗುರುತಿನ ಸಂಖ್ಯೆ. ಮೂರು ವರ್ಷದ ಆಡಿಟ್ ಆದ ಲೆಕ್ಕ. ಪ್ರದರ್ಶನದ ಫೋಟೊ, ಪತ್ರಿಕೆಯ ತುಣುಕು. ಬಳಕೆ ಪ್ರಮಾಣಪತ್ರದ 12-ಎ ನಮೂನೆ. ಕೊಟ್ಟ ಹಣ ಕೊಟ್ಟ ಕೆಲಸಕ್ಕೇ ಖರ್ಚಾಗಿದೆ ಎಂದು ಚಾರ್ಟರ್ಡ್ ಅಕೌಂಟೆಂಟ್ ಮುದ್ರೆ ಒತ್ತಬೇಕು. ಕೇಂದ್ರ ಸಂಸ್ಕೃತಿ ಮಂತ್ರಾಲಯ ಉತ್ಸವ, ನಾಟಕ ನಿರ್ಮಾಣಗಳಿಗೆ ಕೊಡುವ ನೆರವು ಸಾಮಾನ್ಯವಾಗಿ 5 ಲಕ್ಷ ರೂಪಾಯಿ ತನಕ. ಮಂಜೂರಾದದ್ದರಲ್ಲಿ ಶೇ. 75 ಮೊದಲ ಕಂತು, ಉಳಿದ ಶೇ. 25 ಕೆಲಸ ಮುಗಿದು ಕಾಗದ ಒಪ್ಪಿಸಿದ ಮೇಲೆ. ರೆಪರ್ಟರಿಗಳಿಗೆ ಗುರು-ಶಿಷ್ಯ ಪರಂಪರೆಯ ಹೆಸರಿನ ಇನ್ನೊಂದು ಯೋಜನೆ ಇದೆ: ನಾಟಕದ ತಂಡಕ್ಕೆ ಒಬ್ಬ ಗುರು, ಹೆಚ್ಚೆಂದರೆ 18 ಶಿಷ್ಯರು. ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸಿನ ಮೇಲೆ 2,000ದಿಂದ 10,000ದ ತನಕ.

ಯೋಜನೆ ಕೆಟ್ಟದ್ದಲ್ಲ. ತಿಂಗಳ ಸಂಬಳಕ್ಕೆ ಕೇಂದ್ರದ ಹಣ ಸಿಕ್ಕ ತಂಡದಲ್ಲಿ ಹುಡುಗರು ಹೋಟೆಲ್ ಕೆಲಸಕ್ಕೆ ಓಡಿಹೋಗದೆ ಉಳಿಯುತ್ತಾರೆ. ಮೇಷ್ಟ್ರ ಸಂಕಟ ಹಣದ ಮೊತ್ತದ್ದಲ್ಲ, ದಿನದ್ದು. ನವೆಂಬರಿನಲ್ಲಿ ಆಡುವ ನಾಟಕಕ್ಕೆ ಆಗಸ್ಟಿನಲ್ಲಿ ಬಟ್ಟೆ ಕೊಳ್ಳಬೇಕು. ಕೈಗೆ ದುಡ್ಡು ಬರುವ ದಿನ ಗೊತ್ತಿಲ್ಲದಿದ್ದರೆ ಬಟ್ಟೆಯಂಗಡಿಯವನ ಮುಂದೆ ನಿಲ್ಲುವುದು ಹೇಗೆ? ಸಾಲ ತಂದು ಆಡಿ, ಎರಡನೇ ಕಂತು ಬಂದಾಗ ಬಡ್ಡಿ ತೀರಿಸಿದ ತಂಡಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಮುಂಗಾರು ತಪ್ಪಿದ ಮೇಲೆ ಸುರಿದ ಮಳೆಯ ಬೆಲೆ ಏನೆಂದು ಬಯಲುಸೀಮೆಯ ರೈತನಿಗೆ ಹೇಳಿಕೊಡಬೇಕಿಲ್ಲ.

ರಾಜ್ಯದ ಅಕಾಡೆಮಿಗಳ ಪಾಡು ಇನ್ನೂ ಮೆದುವಾದ ನೆಲದ ಮೇಲೆ ನಿಂತಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ನಾಟಕ, ಸಾಹಿತ್ಯ, ಜಾನಪದ ಅಕಾಡೆಮಿಗಳು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಡಿ ಬರುತ್ತವೆ. ಅಧ್ಯಕ್ಷರು, ಸದಸ್ಯರನ್ನು ಸರಕಾರ ನಾಮಕರಣ ಮಾಡುತ್ತದೆ, ಅವಧಿ ಮೂರು ವರ್ಷ. ಕಡತ ನೋಡಿಕೊಳ್ಳಲು ಸರಕಾರದ ರಿಜಿಸ್ಟ್ರಾರ್. ಮೂರು ವರ್ಷ ಎಂಬುದು ಕಾಗದದ ಮೇಲೆ. 2019ರಲ್ಲಿ ಸರಕಾರ ಬದಲಾದಾಗ ಅಷ್ಟೂ ಅಕಾಡೆಮಿಗಳ ನಾಮಕರಣ ಒಂದೇ ಆದೇಶದಲ್ಲಿ ರದ್ದಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಸರಕಾರ ಬದಲಾಯಿತು, ಮತ್ತೆ ರದ್ದು. ಹೊಸಬರ ಹೆಸರು ಹೊರಬಿದ್ದದ್ದು 2024ರ ಮಾರ್ಚಿನಲ್ಲಿ. ಎರಡು ಸಲವೂ ಅಧಿಕಾರಕ್ಕೆ ಬಂದ ಪಕ್ಷ ಬೇರೆ ಬೇರೆ, ಮಾಡಿದ್ದು ಒಂದೇ. ಕುರ್ಚಿ ಖಾಲಿಯಿದ್ದ ಆ ತಿಂಗಳುಗಳಲ್ಲಿ ಸಿಬ್ಬಂದಿಯ ಸಂಬಳ ಆಗುತ್ತದೆ. ಆದರೆ ಯಾವ ಶಿಬಿರ, ಯಾವ ಉತ್ಸವ, ಯಾರಿಗೆ ಗೌರವ ಎಂದು ತೀರ್ಮಾನಿಸಲು ಕಲಾವಿದರೇ ಇರುವುದಿಲ್ಲ. ರಂಗಾಯಣಗಳನ್ನು ನಡೆಸುವ ರಂಗಸಮಾಜಕ್ಕಂತೂ ಸಂಸ್ಕೃತಿ ಸಚಿವರೇ ಅಧ್ಯಕ್ಷರು. ಬರಗೂರು ರಾಮಚಂದ್ರಪ್ಪನವರ ಸಮಿತಿ ಸಾಂಸ್ಕೃತಿಕ ನೀತಿಯ ವರದಿ ಕೊಟ್ಟದ್ದು 2014ರಲ್ಲಿ. ನೀತಿ ಇದೆ, ಆದರೂ ನಾಮಕರಣದ ಹಗ್ಗ ಇನ್ನೂ ವಿಧಾನಸೌಧದ ಕೈಯಲ್ಲೇ ಇದೆ.

ನನ್ನ ಮಾತು ಇಷ್ಟೇ: ಅಕಾಡೆಮಿಗಳಿಗೆ ಇನ್ನಷ್ಟು ಹಣ ಕೊಡಿ ಎಂದು ಕೇಳುವ ಮೊದಲು, ಕೊಡುವ ಹಣ ರಂಗದ ಋತುವಿಗೆ ಹೊಂದಿ ಬರಲಿ ಎಂದೂ, ನೇಮಕವಾದವರ ಅವಧಿಯನ್ನು ಕಾನೂನು ಕಾಯಲಿ ಎಂದೂ ಕೇಳಬೇಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ವಿಧಾನಮಂಡಲ ಒಂದು ಕಾಯಿದೆ ಮಾಡಿಕೊಟ್ಟಿದೆ. ಅಕಾಡೆಮಿಗಳಿಗೆ ಯಾಕೆ ಮಾಡಬಾರದು? ಅರ್ಧಕ್ಕೂ ಹೆಚ್ಚು ಸದಸ್ಯರನ್ನು ಕಲಾವಿದರೇ ಆರಿಸಲಿ, ಚುನಾವಣೆ ಗೆದ್ದ ಪಕ್ಷ ಮುಟ್ಟದಿರಲಿ.

ಇದನ್ನು ಹೇಳುವಾಗ ಸಾಣೇಹಳ್ಳಿಯನ್ನು ದೇವರು ಮಾಡಿ ಕೂರಿಸುವುದೂ ಸರಿಯಲ್ಲ. ಅಲ್ಲಿ ಇಷ್ಟೆಲ್ಲ ನಿಂತಿರುವುದು ಒಬ್ಬ ಸ್ವಾಮೀಜಿಯ ರಂಗಪ್ರೀತಿಯ ಮೇಲೆ. ಯಾವ ನಾಟಕ, ಯಾವ ನಿರ್ದೇಶಕ ಎಂಬ ಕೊನೆಯ ಮಾತು ಮಠದ್ದು. ಶರಣರ ಕಥೆ, ಸಮಾಜ ಸುಧಾರಣೆಯ ವಸ್ತು ಅಲ್ಲಿ ಹೆಚ್ಚು. ಮಠದ ಅಂಗಳದಲ್ಲಿ ಆಡಲಾಗದ ನಾಟಕಗಳೂ ಲೋಕದಲ್ಲಿ ಇವೆ. ವರ್ಷಕ್ಕೊಮ್ಮೆ ಆಯ್ಕೆಯಾಗುವ ಕಲಾವಿದರಿಗೆ ಮುಂದಿನ ವರ್ಷದ ಭರವಸೆ ಕಡಿಮೆ. ಅಲ್ಲಿನ ರಂಗಶಾಲೆಯಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ತಾಲೀಮಿನ ಬಿಡುವಿನಲ್ಲಿ, “ಇಲ್ಲಿ ಕಲಿತಿದ್ದು ಚಿನ್ನ ಸಾರ್, ಮೂವತ್ತಾದ್ಮೇಲೆ ಏನು ಅಂತ ಮನೇಲಿ ಕೇಳ್ತಾರೆ” ಎಂದ. ಅವನ ಮನೆಯವರ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಮಠವಲ್ಲ, ಅಕಾಡೆಮಿ. ಒಂದು ಊರು ಅನ್ನ ಹಾಕಬಹುದು, ರಂಗಕ್ಕೆ ಪ್ರೇಕ್ಷಕರನ್ನು ತರಬಹುದು. ಇಡೀ ನಾಡಿನ ನಟರಿಗೆ ವಿಮೆ, ನಿವೃತ್ತಿಯ ಆಸರೆ ಕೊಡುವುದು ರಾಜ್ಯಕ್ಕೆ ಮಾತ್ರ ಆಗುವ ಕೆಲಸ.

ಹಿರಿಯೂರಿಗೆ ಬರುವ ಹೊತ್ತಿಗೆ ನೆಲದ ಬಣ್ಣವೇ ಬೇರೆ. 1933ರ ನಂತರ 2022ರಲ್ಲಿ ಕೋಡಿ ಹರಿದ ವಾಣಿವಿಲಾಸ ಸಾಗರದ ಸುದ್ದಿಯನ್ನು ಇಲ್ಲಿನ ಜನ ಈಗಲೂ ಹಬ್ಬದಂತೆ ಹೇಳುತ್ತಾರೆ. ನಾನು ಹೋದದ್ದು ಒಂದು ಗೊಲ್ಲರಹಟ್ಟಿಗೆ. ಶಿರಾ-ಹಿರಿಯೂರು ಸೀಮೆಯ ಕಾಡುಗೊಲ್ಲರಿಗೆ ಜುಂಜಪ್ಪ ದೈವ, ವೀರ. ಅವನ ಕಾವ್ಯವನ್ನು ಹಾಡುವುದು ಗಣೆಯ ಜತೆಗೆ. ಗಣೆ ಎಂದರೆ ಆಳುದ್ದದ ಬಿದಿರಿನ ಕೊಳಲು. ಹಾಡುಗಾರ ಒಂದು ಸೊಲ್ಲು ಹಾಡುತ್ತಾನೆ, ಅದೇ ಸೊಲ್ಲನ್ನು ಗಣೆಯಲ್ಲಿ ಊದುತ್ತಾನೆ. ಉಸಿರು ಒಂದೇ, ದನಿ ಎರಡು. ಇದಕ್ಕೆ ಟಿಕೆಟಿಲ್ಲ, ಮಂಚಿಕೆಯಿಲ್ಲ, ಪತ್ರಿಕೆಯ ತುಣುಕಂತೂ ಇಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದ ಕಟ್ಟಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರಂಥವರು ಹಟ್ಟಿಗೇ ಹೋಗಿ ಕೂತು ಕೇಳಿ ಬರೆದುಕೊಂಡದ್ದರಿಂದ ಆ ಪದಗಳು ಪುಸ್ತಕ ಕಂಡವು.

ಹಟ್ಟಿಯಲ್ಲಿ ಗಣೆ ಊದುವ ಹಿರಿಯರು ಕುರಿಮಂದೆ ಹಟ್ಟಿಗೆ ತಿರುಗುವ ತನಕ ಕಾಯಿಸಿ, ಆಮೇಲೆ ಕೈಕಾಲು ತೊಳೆದು ಗಣೆ ಎತ್ತಿಕೊಂಡರು. ಅದನ್ನು ಮನೆಯೊಳಗೆ ದೇವರ ಮೂಲೆಯಲ್ಲಿ ಇಡುತ್ತಾರೆ. ಊದಿ ಮುಗಿಸಿದ ಮೇಲೆ ಮಾಸಾಶನದ ಮಾತು ಬಂತು. ರಾಜ್ಯದಲ್ಲಿ 58 ವರ್ಷ ದಾಟಿದ ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಇದೆ. ಅರ್ಜಿ ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ. ವಯಸ್ಸಿನ ದಾಖಲೆ ಬೇಕು, ಕಲಾಸೇವೆಗೆ ಪುರಾವೆ ಬೇಕು.

“ಪುರಾವೆ ಏನ್ ಕೊಡ್ಲಪ್ಪ ನಾನು? ಜುಂಜಪ್ಪನ ಪರಿಷೆಗೆ ಬಂದೋರ್ನೆಲ್ಲ ಕೇಳು ಅನ್ಲಾ?” ಎಂದರು. ಅವರ ಮೊಮ್ಮಗ ಹಿರಿಯೂರಿನ ಕಂಪ್ಯೂಟರ್ ಅಂಗಡಿಗೆ ಹೋಗಿಬಂದಿದ್ದನಂತೆ; ಫೋಟೊ, ಪ್ರಮಾಣಪತ್ರ ಅಪ್‌ಲೋಡ್ ಮಾಡುವ ಕಡೆ ನಿಂತುಹೋಗಿತ್ತು.

ಅಜ್ಜನ ಪ್ರಶ್ನೆಗೆ ಉತ್ತರ ಕಷ್ಟದ್ದೇನಲ್ಲ. ಜಾನಪದ ಅಕಾಡೆಮಿಯ ಸದಸ್ಯರು ವರ್ಷಕ್ಕೊಮ್ಮೆ ತಾಲ್ಲೂಕಿಗೆ ಬಂದು, ಪರಿಷೆಯ ದಿನ ಹಟ್ಟಿಯಲ್ಲೇ ಕೂತು ಕೇಳಿ, ಅಲ್ಲೇ ದಾಖಲೆ ಬರೆದು ಸಹಿ ಹಾಕಿದರೆ ಆಯಿತು. ಅದಕ್ಕೆ ಹೊಸ ಯೋಜನೆ ಬೇಡ; ಪ್ರಯಾಣ ಭತ್ಯೆಯ ಬಾಬ್ತು ಈಗಾಗಲೇ ಇದೆ. ಮೊಮ್ಮಗನಿಗೆ ದುರ್ಗದ ಇಲಾಖೆ ಕಚೇರಿಯ ದಾರಿ ಹೇಳಿ, ಯಾವ ಯಾವ ಕಾಗದ ಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಪರಿಷೆ ಯಾವಾಗ ಎಂದು ಅಜ್ಜ ಹೇಳಿದ ದಿನವನ್ನೂ ಅದರಲ್ಲೇ ಸೇರಿಸಿದೆ, ಅಧಿಕಾರಿಗಳು ಬರುವುದಾದರೆ ಅವತ್ತೇ ಬರಲಿ ಎಂದು.